ಎಂಟನೇ ಬಿ ವಿಭಾಗಕ್ಕೆ ಇವತ್ತು ಯಾರು?

ಅಧಿಕಾರ ಎಂಬುದು ವಿಧಾನಸೌಧದಲ್ಲಿ ಮಾತ್ರ ಇರುತ್ತದೆ ಎಂದು ತಿಳಿದವರು ಯಾವುದಾದರೂ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂದು ವಾರ ಕೂತು ನೋಡಬೇಕು. ಚನ್ನರಾಯಪಟ್ಟಣದ ನಮ್ಮ ಶಾಲೆಯಲ್ಲಿ ಅದು ಇನ್ನೂರು ಪುಟದ ಒಂದು ನೋಟ್ ಪುಸ್ತಕದಲ್ಲಿತ್ತು. ಆ ಪುಸ್ತಕ ಹನ್ನೊಂದು ವರ್ಷದಿಂದ ನನ್ನ ಬ್ಯಾಗಿನಲ್ಲಿತ್ತು. ಯಾರಾದರೂ ರಜೆ ಹಾಕಿದರೆ ಅವರ ತರಗತಿಗೆ ಬದಲಿಯಾಗಿ ಯಾರು ಹೋಗಬೇಕೆಂದು ಬೆಳಗಿನ ಪ್ರಾರ್ಥನೆ ಮುಗಿಯುವುದರೊಳಗೆ ಬರೆದು ಕಳಿಸುವವಳು ನಾನು, ಸಮಾಜ ವಿಜ್ಞಾನದ ವಿಮಲಾ ಮೇಡಂ. ಬಿಡುವಿನ ಪೀರಿಯಡ್ಡಿನಲ್ಲಿ ಕಾಲು ಚಾಚಿ ಕೂತವರ ಮುಂದೆ ಅಟೆಂಡರ್ ಆ ಪುಸ್ತಕ ಹಿಡಿದು ನಿಂತಾಗ ಅವರ ಮುಖ ನೋಡಬೇಕು! ಯಾರ ಮನೆಯಲ್ಲಿ ಹೋಳಿಗೆ ಮಾಡಿದರೂ ಎರಡು ನನ್ನ ಡಬ್ಬಿಗೆ ಬಂದು ಬೀಳುತ್ತಿದ್ದವು. ಅದೆಲ್ಲ ನನ್ನ ಮೇಲಿನ ಪ್ರೀತಿ ಎಂದೇ ನಾನು ನಂಬಿಕೊಂಡಿದ್ದೆ.

ಹೋಳಿಗೆ ತರದ ಒಬ್ಬರೆಂದರೆ ಪಿ.ಟಿ. ಮೇಷ್ಟ್ರು ರಂಗಸ್ವಾಮಿ. ನುಗ್ಗೇಹಳ್ಳಿಯವರು, ಮೈದಾನದಲ್ಲಿ ಕೂಗಿ ಕೂಗಿ ಗಂಟಲು ತಗ್ಗಿಸುವುದನ್ನೇ ಮರೆತವರು. ಒಂದು ದಿನ ಅವರು ಕೊರಳಲ್ಲಿ ಸೀಟಿ ನೇತಾಡಿಸಿಕೊಂಡು ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತರು. “ಏನ್ ಮೇಡಂ ಇದು? ಗಣಿತದವ್ರು ರಜಾ ಆಕುದ್ರೂ ನಾನೇ, ಇಂದಿಯವ್ರಿಗೆ ನೆಗಡಿ ಬಂದ್ರೂ ನಾನೇ. ಎಂಟ್ನೇ ಬಿ ಮಕ್ಳು ನಾನೇ ಅವ್ರ ಕ್ಲಾಸ್ ಟೀಚ್ರು ಅಂದ್ಕಂಡವ್ರೆ. ನಿಮ್ ಪುಸ್ತಕದಾಗೆ ಬ್ಯಾರೆ ಎಸ್ರೇ ಇಲ್ವಾ?” ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟು ಹೊತ್ತಿಗೆ ಹೆಡ್‌ಮಾಸ್ಟರೂ ಒಳಗೆ ಬಂದವರು, “ವಿಮಲಾ ಮೇಡಂ, ಬಹಳ ಜನ ಹೇಳ್ತಿದ್ದಾರೆ. ಆ ಪುಸ್ತಕಾನ ಬೇರೆಯವರಿಗೆ ಕೊಟ್ಟುಬಿಡಿ, ನಿಮಗೂ ಆರಾಮ” ಎಂದರು.

ನನಗೆ ಸಿಟ್ಟು ಬಂದಾಗ ನಾಲಿಗೆಗೆ ಲಗಾಮಿರುವುದಿಲ್ಲ. ಹಿಂದಿನ ದಿನವಷ್ಟೇ ಮೊಬೈಲಿನಲ್ಲಿ ‘ಉಚಿತ ಆನ್‌ಲೈನ್ ಪ್ರೋಗ್ರಾಮಿಂಗ್ ತರಬೇತಿ, ಏನೂ ತಿಳಿಯದವರಿಗಾಗಿಯೇ’ ಎಂಬ ಪ್ರಕಟಣೆ ನೋಡಿದ್ದೆ. ‘ಏನೂ ತಿಳಿಯದವರು’ ಎಂಬಲ್ಲಿ ಮಾತ್ರ ನನಗೆ ಪೂರ್ಣ ಅರ್ಹತೆಯಿತ್ತು. “ಸರ್, ಇನ್ನು ಮೇಲೆ ಪಟ್ಟಿ ಕಂಪ್ಯೂಟರ್ ಹಾಕುತ್ತೆ. ಅದಕ್ಕೆ ಯಾರ ಮುಖಾನೂ ಕಾಣಿಸಲ್ಲ. ಪ್ರೋಗ್ರಾಮ್ ನಾನೇ ಬರೀತೀನಿ. ಮೂರು ತಿಂಗಳಲ್ಲಿ ಬರೀಲಿಲ್ಲ ಅಂದ್ರೆ ಪುಸ್ತಕ ರಂಗಸ್ವಾಮಿ ಮೇಷ್ಟ್ರ ಕೈಗೆ!” ಎಂದುಬಿಟ್ಟೆ. ಹೇಳಿದ ಮೇಲೆ ನನ್ನ ವಿದ್ಯೆಯ ಲೆಕ್ಕ ಹಾಕಿದೆ. ಐವತ್ತಮೂರನೇ ವಯಸ್ಸಿನ ನನಗೆ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಬರುತ್ತಿತ್ತು, ಆಮೇಲೆ ಅದನ್ನು ಎಲ್ಲಿ ಉಳಿಸಿದೆನೆಂದು ಹುಡುಕಲು ಬರುತ್ತಿತ್ತು. ಅಷ್ಟೇ.

ತರಬೇತಿ ಹನ್ನೆರಡು ವಾರ. ವಾರಕ್ಕೆರಡು ಸಂಜೆ ಪ್ರತಿಯೊಬ್ಬರ ಜೊತೆಗೂ ಒಬ್ಬ ಮೆಂಟರ್ ಕೂತು ಹೇಳಿಕೊಡುತ್ತಾರೆ. ಮೊದಲ ದಿನ ಲ್ಯಾಪ್‌ಟಾಪ್ ತೆರೆದು ಕೂರುವ ಹೊತ್ತಿಗೆ ನಮ್ಮತ್ತೆ ದೇವರ ಮನೆಯಿಂದ ಕುಂಕುಮದ ಬಟ್ಟಲು ಹಿಡಿದು ಬಂದರು. ಹೊಳೆನರಸೀಪುರದಲ್ಲಿ ಹುಟ್ಟಿ ಬೆಳೆದವರು, ಹೊಸದು ಏನು ಬಂದರೂ ಬೊಟ್ಟಿಡದೆ ಬಿಡುವವರಲ್ಲ. “ವಿದ್ಯೆ ಕಣೇ ಇದು. ಬರೀ ಹಣೆಯಲ್ಲಿ ಕೂತಿರಬಾರದು” ಎಂದು ಅದರ ಪರದೆಯ ಮೇಲಂಚಿಗೆ, ಸರಿಯಾಗಿ ನಟ್ಟನಡುವೆ, ಒದ್ದೆ ಕುಂಕುಮ ಒತ್ತಿದರು. ಕರೆ ಬಂತು. ಆ ಕಡೆ ಒಬ್ಬ ಹುಡುಗಿ ಸ್ಪಷ್ಟವಾಗಿ ಕಾಣುತ್ತಿದ್ದಳು. “ಮೇಡಂ, ನೀವು ಎಲ್ಲಿದ್ದೀರಿ? ನನಗೆ ಪೂರ್ತಿ ಕೆಂಪು ಕಾಣ್ತಿದೆ” ಎಂದಳು ಗಾಬರಿಯಿಂದ. ಕ್ಯಾಮೆರಾ ಎಂಬುದು ಅಲ್ಲಿಯೇ ಇರುತ್ತದೆಂದು ಅತ್ತೆಗೂ ಗೊತ್ತಿರಲಿಲ್ಲ, ಸೊಸೆಗೂ ಗೊತ್ತಿರಲಿಲ್ಲ. ಸೆರಗಿನಿಂದ ಒರೆಸಿದ ಮೇಲೆ ಗುರುಶಿಷ್ಯರ ಮುಖಪರಿಚಯವಾಯಿತು.

ಅವಳ ಹೆಸರು ಚೈತ್ರ, ಊರು ದುದ್ದ. ವಯಸ್ಸು ಇಪ್ಪತ್ತನಾಲ್ಕು, ಅಂದರೆ ನನ್ನ ಸರ್ವಿಸಿಗಿಂತ ಚಿಕ್ಕವಳು. ಪಾಠದ ನಡುವೆ ಅವರ ಕೊಟ್ಟಿಗೆಯಿಂದ ಹಸು ಕೂಗುತ್ತಿತ್ತು, ಅದರ ಹಿಂದೆಯೇ ಅವಳ ತಾಯಿ ಕೂಗುತ್ತಿದ್ದರು. “ಬತ್ತೀನಿ ಇರವ್ವಾ, ಮೇಡಮ್ನೋರ್ಗೆ ಪಾಠ ಮಾಡ್ತಾ ಇವ್ನಿ” ಎಂದು ಅವಳು ಆ ಕಡೆ ತಿರುಗಿ ಹೇಳಿ, ಈ ಕಡೆ ತಿರುಗಿ “ಇದು ಲೂಪ್ ಮೇಡಂ, ಒಂದೇ ಕೆಲಸಾನ ಮತ್ತೆ ಮತ್ತೆ ಮಾಡಿಸೋದು. ಅರ್ಥ ಆಯ್ತಾ?” ಎನ್ನುವಳು. ನಾನು “ಆಯ್ತು” ಎನ್ನುವೆ. ಅರ್ಥವಾಗಿರುತ್ತಿರಲಿಲ್ಲ. ಆದರೆ ಇಪ್ಪತ್ತೇಳು ವರ್ಷ ದಿನಕ್ಕೆ ಐದು ಸಲದಂತೆ “ಅರ್ಥ ಆಯ್ತಾ?” ಎಂದು ಕೇಳಿದ ಬಾಯಿ, “ಇಲ್ಲ” ಎಂದು ಹೇಳುವುದು ಹೇಗೆ? ಮೂರು ವಾರ ಹೀಗೆ “ಆಯ್ತು ಆಯ್ತು” ಎಂದುಕೊಂಡೇ ಕಳೆದೆ. ಲೆಕ್ಕಕ್ಕೆ ನನ್ನಷ್ಟು ಚುರುಕಿನ ಶಿಷ್ಯೆ ಆ ತರಬೇತಿಯಲ್ಲೇ ಇರಲಿಲ್ಲ.

ನಾಲ್ಕನೇ ವಾರ ಚೈತ್ರ ಎಂದಿನಂತೆ ಕೇಳಿದಳು, ನಾನು ಎಂದಿನಂತೆ ಹೇಳಿದೆ. ಅವಳು ನಕ್ಕು, “ಹಾಗಾದ್ರೆ ಈಗ ನಾನು ಸ್ಟೂಡೆಂಟು, ನೀವೇ ನನಗೆ ಹೇಳಿಕೊಡಿ ಮೇಡಂ” ಎಂದಳು. ನಾನು ಪರದೆ ನೋಡಿದೆ, ಸೀಲಿಂಗ್ ಫ್ಯಾನ್ ನೋಡಿದೆ, ನೆಟ್‌ವರ್ಕ್ ಹೋದ ಹಾಗೆ ಅಲ್ಲಾಡದೆಯೂ ಕೂತು ನೋಡಿದೆ. “ಫ್ಯಾನ್ ತಿರುಗ್ತಿದೆ ಮೇಡಂ, ನೆಟ್‌ವರ್ಕ್ ಚೆನ್ನಾಗಿದೆ” ಎಂದಳು ಪಾಪಿ. ಆಮೇಲೆ ಮೆಲ್ಲಗೆ, “ನಮ್ ಸ್ಕೂಲಲ್ಲೂ ನಾವು ಹಿಂಗೇ ಅಂತಿದ್ವಿ. ಇಲ್ಲ ಅಂದ್ರೆ ಮಿಸ್ ಬೇಜಾರು ಮಾಡ್ಕೋತಾರೆ ಅಂತ” ಎಂದಳು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನನ್ನ ಮಕ್ಕಳು ಹೇಳಿದ “ಆಯ್ತು ಮಿಸ್”ಗಳಲ್ಲಿ ಎಷ್ಟು ನಿಜವಿತ್ತೋ ದೇವರೇ ಬಲ್ಲ. “ಚೈತ್ರ, ನನಗೆ ಮೊದಲನೇ ದಿನದಿಂದ ಒಂದಕ್ಷರವೂ ಅರ್ಥವಾಗಿಲ್ಲ ಕಣಮ್ಮ” ಎಂದು ಒಪ್ಪಿಕೊಂಡೆ.

ಅಲ್ಲಿಂದ ಪಾಠ ಹೊಸದಾಗಿ ಶುರುವಾಯಿತು. “ನಿಮ್ಮ ಬದಲಿ ಪುಸ್ತಕಾನ ಹೇಗೆ ಬರೀತೀರಿ, ಅದನ್ನೇ ಹೇಳಿ” ಎಂದಳು. ಮೊದಲು ಯಾರು ರಜೆ ನೋಡುತ್ತೇನೆ, ಆ ಪೀರಿಯಡ್ಡಿನಲ್ಲಿ ಯಾರು ಬಿಡುವಾಗಿದ್ದಾರೆ ನೋಡುತ್ತೇನೆ, ಅವರಲ್ಲಿ ಒಬ್ಬರ ಹೆಸರು ಬರೆಯುತ್ತೇನೆ, ಮುಂದಿನ ಪೀರಿಯಡ್ಡಿಗೆ ಮತ್ತೆ ಹಾಗೇ ಎಂದೆ. “ಇದೇ ಲೂಪ್ ಮೇಡಂ. ಹನ್ನೊಂದು ವರ್ಷದಿಂದ ನೀವು ಅದನ್ನೇ ಮಾಡ್ತಿದ್ದೀರಿ” ಎಂದಳು. ಅಯ್ಯೋ, ಇಷ್ಟೇನಾ! ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಒಂದು ಚುಕ್ಕೆ ಬಿಟ್ಟುಹೋದರೆ ಕಂಪ್ಯೂಟರ್ ಇಡೀ ಪುಟವನ್ನೇ ತಿರಸ್ಕರಿಸುತ್ತಿತ್ತು. ನಾನೂ ಮಕ್ಕಳ ನಕ್ಷೆಗಳಿಗೆ ಅದನ್ನೇ ಮಾಡಿದವಳಾದ್ದರಿಂದ ತೆಪ್ಪಗೆ ತಿದ್ದಿದೆ. ಜೂನ್‌ನಿಂದ ಯಾರು ಎಷ್ಟು ಬದಲಿ ತರಗತಿ ತೆಗೆದುಕೊಂಡಿದ್ದಾರೋ ಅದೆಲ್ಲವನ್ನೂ ಪುಸ್ತಕ ನೋಡಿಕೊಂಡು ತುಂಬಿಸಿದೆ. ಕಡಿಮೆ ತೆಗೆದುಕೊಂಡವರಿಗೆ ಮೊದಲು ಕೊಡಬೇಕೆಂದು ಬರೆದೆ. ಹತ್ತನೇ ವಾರ ನನ್ನ ಪ್ರೋಗ್ರಾಮ್ ಮೊದಲ ಬಾರಿಗೆ ಉಸಿರಾಡಿತು. ಮೊದಲ ಪೀರಿಯಡ್ಡು, ಎಂಟನೇ ಬಿ: ಮಾನ್ಯ ಮುಖ್ಯೋಪಾಧ್ಯಾಯರು. ಎರಡನೆಯದು, ಒಂಬತ್ತನೇ ಎ: ಮಾನ್ಯ ಮುಖ್ಯೋಪಾಧ್ಯಾಯರು. ಕೊನೆಯ ಬೆಲ್ಲಿನವರೆಗೂ ಅವರೇ!

ಚೈತ್ರ ನಗುವುದನ್ನು ನಿಲ್ಲಿಸಲು ಐದು ನಿಮಿಷ ಬೇಕಾಯಿತು. ನಮ್ಮಲ್ಲಿ ಮದುವೆ ಕರೆಯೋಲೆಯಿಂದ ಹಿಡಿದು ಪ್ರವಾಸದ ಪಟ್ಟಿಯವರೆಗೆ ದೊಡ್ಡವರ ಹೆಸರು ಮೊದಲು ಬರಬೇಕು. ಹಾಗಾಗಿ ನಾನು ಶಿಕ್ಷಕರ ಪಟ್ಟಿಯ ತಲೆಯಲ್ಲಿ ಅವರನ್ನು ಮರ್ಯಾದೆಯಿಂದ ಕೂರಿಸಿದ್ದೆ. ಅವರಿಗೆ ಪಾಠವಿಲ್ಲ, ದಿನವಿಡೀ ಬಿಡುವು. ಬದಲಿ ತರಗತಿ ತೆಗೆದುಕೊಂಡದ್ದು ಸೊನ್ನೆ. ಕಂಪ್ಯೂಟರಿಗೆ ಇನ್ನೇನು ಬೇಕು? “ಅವರ ಹೆಸರು ತೆಗೆದುಬಿಡಿ ಮೇಡಂ” ಎಂದಳು. “ಹೆಡ್‌ಮಾಸ್ಟರ ಹೆಸರು ತೆಗೆಯೋದಾ? ಪಟ್ಟಿಯಲ್ಲಿ ಅವರಿಲ್ಲ ಅಂದ್ರೆ ಏನಂದುಕೊಂಡಾರು?” ಎಂದು ನಾನು ವಾದಕ್ಕೆ ನಿಂತೆ. ಕಡೆಗೆ ಅವರ ಹೆಸರು ಇದ್ದ ಕಡೆಯೇ ಇರುವಂತೆ, ಆದರೆ ತರಗತಿಗೆ ಕರೆಯದಂತೆ ಒಂದು ಸಾಲು ಬರೆಯಲು ಅವಳು ಹೇಳಿಕೊಟ್ಟಳು. ಆ ಸಾಲಿನಲ್ಲಿ ಯಾರ ಹೆಸರು ಸೇರಿಸಿದರೂ ಅವರಿಗೆ ಬಿಡುಗಡೆ.

ಪ್ರೋಗ್ರಾಮನ್ನು ಮತ್ತೆ ಓಡಿಸಿದೆ. ಎಂಟನೇ ಬಿ: ವಿಮಲಾ. ಒಂಬತ್ತನೇ ಎ: ವಿಮಲಾ. “ಚೈತ್ರ, ಇನ್ನೂ ತಪ್ಪಿದೆ” ಎಂದೆ. ಅವಳು ಸಾಲು ಸಾಲಾಗಿ ನೋಡಿ, “ಕೋಡ್ ಸರಿ ಇದೆ ಮೇಡಂ. ಪುಸ್ತಕ ಒಂದ್ಸಲ ನೋಡಿ” ಎಂದಳು. ನೋಡಿದೆ. ರಂಗಸ್ವಾಮಿ ಮೇಷ್ಟ್ರು ನಲವತ್ತೊಂದು. ನಾನು ಎರಡು. ಆ ಎರಡೂ ಡಿ.ಡಿ.ಪಿ.ಐ. ಸಾಹೇಬರು ಶಾಲೆಯ ತಪಾಸಣೆಗೆ ಬರುತ್ತಾರೆಂಬ ಸುದ್ದಿ ಇದ್ದ ದಿನಗಳು. ನನ್ನ ಕೈಬರಹ ಬಹಳ ಅಚ್ಚುಕಟ್ಟು, ಎಲ್ಲೂ ಅನುಮಾನಕ್ಕೆ ಎಡೆಯಿರಲಿಲ್ಲ.

ಹನ್ನೆರಡನೇ ವಾರ ಮೂವರು ಶಿಕ್ಷಕರು ಅರಕಲಗೂಡಿಗೆ ತರಬೇತಿಗೆ ಹೋಗಿದ್ದ ದಿನ, ಸ್ಟಾಫ್ ರೂಮಿನ ಗೋಡೆಯ ಮೇಲೆ ನನ್ನ ಪ್ರೋಗ್ರಾಮಿನ ಪ್ರದರ್ಶನ ನಡೆಯಿತು. ಗುಂಡಿ ಒತ್ತಲು ರಂಗಸ್ವಾಮಿ ಮೇಷ್ಟ್ರನ್ನೇ ಕರೆದೆ. ಅವರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಒತ್ತಿದರು. ಆ ದಿನದ ಬದಲಿ ಪಟ್ಟಿ ಮೂಡಿತು. ಅವರು ಮೇಲಿಂದ ಕೆಳಗೆ ಓದಿದರು, ಕೆಳಗಿಂದ ಮೇಲೆ ಓದಿದರು. “ನನ್ನೆಸ್ರು ಇಲ್ಲ!” ಎಂದವರೇ ಸ್ಟಾಫ್ ರೂಮಿನೊಳಗೇ ಪೀಂ ಎಂದು ಸೀಟಿ ಊದಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಹೆಸರು ಬಂದಾಗ ಇನ್ನೂ ಜೋರಾಗಿ ತಟ್ಟಿದರು. ಹೆಡ್‌ಮಾಸ್ಟರಿಗೆ ಬಿಡುಗಡೆ ಕೊಟ್ಟ ಸಾಲನ್ನೂ ಎಲ್ಲರಿಗೂ ಹೆಮ್ಮೆಯಿಂದ ವಿವರಿಸಿದೆ. ಹೆಡ್‌ಮಾಸ್ಟರು ತಮ್ಮ ಹೆಸರು ಶಿಕ್ಷಕರ ಪಟ್ಟಿಯ ತಲೆಯಲ್ಲಿರುವುದನ್ನು ಕಂಡು ಸಂತೋಷಪಟ್ಟು, “ಪುಸ್ತಕ ನಿಮ್ಮಲ್ಲೇ ಇರಲಿ ಮೇಡಂ, ನಿಮ್ಮಂಥೋರು ತಾಲ್ಲೂಕಲ್ಲಿಲ್ಲ” ಎಂದರು. ಅಂದು ಸಂಜೆ ನಾನು ಪ್ರೋಗ್ರಾಮಿಂಗ್ ತರಬೇತಿ ಮುಗಿಸಿದ ಪ್ರಮಾಣಪತ್ರವೂ ಬಂತು. ಅತ್ತೆ ಅದಕ್ಕೂ ಕುಂಕುಮ ಇಟ್ಟರು. ಚೈತ್ರಳ ತಾಯಿ ಪರದೆಯಲ್ಲಿ ಇಣುಕಿ, “ನಮ್ ಮಗ್ಳು ಕಲ್ಸಿದ್ದು ಸರೋಯ್ತಾ ಮೇಡಮ್ನೋರೆ?” ಎಂದು ಕೇಳಿದರು. “ಆಯ್ತು” ಎಂದೆ. ಆ ತರಬೇತಿಯಲ್ಲಿ ನಾನು ಹೇಳಿದ ಮೊದಲ ನಿಜವಾದ “ಆಯ್ತು” ಅದು.

ಮುಂದಿನ ವಾರ ಎಂಟನೇ ಬಿ ವಿಭಾಗಕ್ಕೆ ಒಂಬತ್ತು ಸಲ ಹೋದೆ. ನನ್ನನ್ನು ಕಂಡ ಕೂಡಲೇ ಮಕ್ಕಳು “ಪಿ.ಟಿ. ಸಾರ್ ಬರಲ್ವಾ ಮಿಸ್?” ಎಂದು ಮುಖ ಸಪ್ಪಗೆ ಮಾಡಿದವು. ಪಾಠ ಮುಗಿಸಿ “ಅರ್ಥ ಆಯ್ತಾ?” ಎಂದರೆ ಒಕ್ಕೊರಲಿನಿಂದ “ಆಯ್ತು ಮಿಸ್” ಎಂದವು. “ಹಾಗಾದ್ರೆ ನೀವೇ ನನಗೆ ಹೇಳಿಕೊಡಿ” ಎಂದಾಗ ನಲವತ್ತು ಮುಖಗಳೂ ಸೀಲಿಂಗ್ ಫ್ಯಾನ್ ನೋಡಿದವು. ಮತ್ತೆ ಮೊದಲಿನಿಂದ ಹೇಳಿದೆ, ಮಂಡಿ ನೋಯುವವರೆಗೂ ಹೇಳಿದೆ. ಭಾನುವಾರ ಲ್ಯಾಪ್‌ಟಾಪ್ ತೆರೆದು ಸುಮ್ಮನೆ ನನ್ನ ಪ್ರೋಗ್ರಾಮಿನ ಅಂದ ನೋಡುತ್ತಾ ಕೂತೆ. ಹೆಡ್‌ಮಾಸ್ಟರಿಗೆ ಬಿಡುಗಡೆ ಕೊಟ್ಟ ಆ ಸಾಲಿನಲ್ಲಿ ಇನ್ನೂ ಸಾಕಷ್ಟು ಜಾಗವಿತ್ತು. ಬೆರಳು ತಾನಾಗಿಯೇ ‘ವಿ’ ಎಂದು ಒತ್ತಿತು. ಅಷ್ಟರಲ್ಲಿ ಅತ್ತೆ ಕಾಫಿ ಹಿಡಿದು ಬಂದರು, ಅಳಿಸಿದೆ. ನಾಳೆ ನೋಡೋಣ, ಅವಸರವೇನು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ರಂಗಸ್ವಾಮಿ ಮೇಷ್ಟ್ರು ನನ್ನ ಮೇಜಿನ ಬಳಿ ಬಂದರು. ಕೈಯಲ್ಲಿ ಡಬ್ಬಿ, ಅದರಲ್ಲಿ ನುಗ್ಗೇಹಳ್ಳಿಯ ಅವರ ಮನೆಯ ಕಾಯಿ ಹೋಳಿಗೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ! ನಾನು ಒಂದನ್ನು ಬಾಯಿಗಿಡುವವರೆಗೂ ಕಾದಿದ್ದು, ಅವರು ಎಂದೂ ತಗ್ಗಿಸದ ಗಂಟಲನ್ನು ತಗ್ಗಿಸಿ ಹೇಳಿದರು: “ಮೇಡಂ, ಆ ಕೋರ್ಸಿಗೆ ನಾನೂ ಸೇರ್ಕಂಡೆ. ನಂಗೂ ಅದೇ ದುದ್ದದ ಉಡ್ಗೀನೇ ಮೆಂಟ್ರು. ಮೊದ್ಲು ಏನ್ ಕಲೀಬೇಕು ಅಂತ ಕೇಳುದ್ಲು. ಎಸ್ರು ತೆಗ್ಯೋ ಸಾಲು ಎಲ್ಲಿರುತ್ತೆ, ಅದೊಂದು ತೋರ್ಸವ್ವಾ ಸಾಕು ಅಂದೆ.”