ಕುಂದರ್ರಿ ಎಂದರೆ ಕೂರುತ್ತಿದ್ದ ದಫೇದಾರ

ಮಾತು ಕೇಳದ ಮಕ್ಕಳಿಂದ, ಮಾತು ಕೇಳದ ಎತ್ತಿನಿಂದ, ಮಾತು ಕೇಳದ ಹೊಟ್ಟೆಯಿಂದ ಕಂಗಾಲಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆಲ್ಲ ಸಮಾಧಾನ ಹೇಳುವವರು ಹಿಂದೆಯೇ ಸಿಗುತ್ತಾರೆ. ಮಾತು ಕೇಳುವ ನಾಯಿಯಿಂದ ನಿದ್ದೆಗೆಟ್ಟವನಿಗೆ ಸಮಾಧಾನ ಹೇಳುವ ಕ್ರಮ ಮಾತ್ರ ಲೋಕದಲ್ಲಿ ಇನ್ನೂ ಬಂದಿಲ್ಲ. ರಾಯದುರ್ಗ, ಮಡಕಶಿರಾ ಎರಡೂ ತಾಲ್ಲೂಕುಗಳನ್ನು ಜಾಲಾಡಿದರೂ ಆ ಬಗೆಯ ಸಂಕಟಕ್ಕೆ ನಾನೊಬ್ಬನೇ ವಾರಸುದಾರ. ಮೊದಲೇ ನಾನು ಹುಟ್ಟಾ ಗಾಬರಿಯ ಮನುಷ್ಯ. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವನು ವಾಪಸು ಬಂದು ಬೀಗ ಜಗ್ಗಿ ನೋಡುತ್ತೇನೆ. ಅದು ಗಟ್ಟಿಯಾಗಿ ಬಿದ್ದಿದ್ದರೆ, ಇಷ್ಟು ಗಟ್ಟಿಯಾಗಿ ಬಿದ್ದದ್ದು ಸಂಜೆ ತೆರೆಯುತ್ತದೋ ಇಲ್ಲವೋ ಎಂಬ ಚಿಂತೆ ಹಿಡಿಯುತ್ತದೆ. ಇಂಥವನ ಮನೆಗೆ ದೇವರು ಒಂದು ಪೆದ್ದು ನಾಯಿಯನ್ನು ಕಳಿಸಬಾರದಿತ್ತೇ?

ಆಗ ನಾನು ರಾಯದುರ್ಗದ ಬೋರ್ಡು ಶಾಲೆಯಲ್ಲಿ ಹೆಡ್ ಮಾಸ್ತರ. ಸ್ವಂತ ಊರು ಮಡಕಶಿರಾದ ಕಡೆ, ಹೆಂಡತಿಯ ತವರು ಅಗಳಿ. ನಮ್ಮ ಬಾಡಿಗೆ ಮನೆಯ ಹಿಂದೆ ಬಸವನಗೌಡರ ಹೊಲ. ಗೊಬ್ಬರಕ್ಕೆಂದು ಅವರು ವರ್ಷಕ್ಕೊಮ್ಮೆ ಆ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದರು. ಒಂದು ಸಲ ಮಂದೆ ಎದ್ದು ಹಗರಿ ಹೊಳೆಯ ಕಡೆಗೆ ಹೋದ ಬೆಳಿಗ್ಗೆ ಮುಳ್ಳುಬೇಲಿಯೊಳಗಿಂದ ಕುಂಯ್ ಕುಂಯ್ ಎಂಬ ಸದ್ದು ಬಂತು. ಬಗ್ಗಿ ನೋಡಿದರೆ ಒಂದು ಗಂಡು ಮರಿ. ಹಿಂಗಾಲೊಂದು ಊದಿಕೊಂಡು ನೆಲಕ್ಕೆ ಊರಲಾರದೆ ನಡುಗುತ್ತಿತ್ತು. ಮುಳ್ಳಿನಲ್ಲಿ ಪಂಚೆ ಹರಿದುಕೊಂಡು ಅದನ್ನು ಎತ್ತಿ ತಂದೆ. ಹೆಂಡತಿ ಹರಿದ ಪಂಚೆಯನ್ನು ನೋಡಿದಳು, ಮರಿಯನ್ನು ನೋಡಿದಳು.

"ಇದ್ನ ಸಾಕ್ಕೊಂಡ್ರೆ ನೀವು ಸಾಕ್ಕೊಳಿ. ನಾನಂತೂ ನಾಯಿ ಜೊತೆ ಒಂದು ಮಾತೂ ಆಡಾಕಿಲ್ಲ," ಎಂದಳು. ಆಡಿದಂತೆ ನಡೆದಳು ಕೂಡ. ದಿನಾ ಹಿತ್ತಲ ಕಲ್ಲಿನ ಮೇಲೆ ರಾಗಿಮುದ್ದೆ ಇಟ್ಟು, ಅದರ ಕಾಲಿಗೆ ಅರಿಸಿನದ ಎಣ್ಣೆ ಸವರಿ, ತುಟಿ ಪಿಟಕ್ಕೆನ್ನದೆ ಒಳಗೆ ಹೋಗುತ್ತಿದ್ದಳು.

ಕಾಲು ವಾಸಿಯಾದರೂ ಸಣ್ಣ ಕುಂಟು ಉಳಿಯಿತು. ಆ ಕುಂಟಿನಿಂದ ನಡಿಗೆಗೆ ಒಂದು ಗತ್ತು ಬಂತು. ಎದೆಯ ಮೇಲೆ ಓರೆಯಾಗಿ ಒಂದು ಕೆಂಚುಪಟ್ಟೆ ಬೇರೆ. ಕಲೆಕ್ಟರರ ಬಾಗಿಲಲ್ಲಿ ಕೆಂಪು ಪಟ್ಟಿ ಹಾಕಿಕೊಂಡು ನಿಲ್ಲುವ ದಫೇದಾರನೇ ಸರಿ. ಅದೇ ಹೆಸರಾಯಿತು.

ಇನ್ನು ವಿದ್ಯಾಭ್ಯಾಸ. ಶಾಲೆಯಲ್ಲಿ ನಾನು 'ಕೂತ್ಕೊಳ್ಳಿ' ಅಂದರೆ ಅರ್ಧ ತರಗತಿ ಕೂರುತ್ತಿತ್ತು, ಉಳಿದರ್ಧ ನಾನು ಯಾರಿಗೆ ಹೇಳಿದೆನೆಂದು ಹಿಂದೆ ತಿರುಗಿ ನೋಡುತ್ತಿತ್ತು. ದಫೇದಾರನಿಗೆ ಒಂದು ಸಲ ಹೇಳಿದರೆ ಮುಗಿಯಿತು. ಹುಟ್ಟಿದ್ದು ರಾಯದುರ್ಗದ ಸೀಮೆಯಲ್ಲಿ, ಆದ್ದರಿಂದ ಅವನಿಗೆ ಅಲ್ಲಿಯ ಮಾತಿನಲ್ಲೇ ಮರ್ಯಾದೆ ಕೊಟ್ಟು ಕಲಿಸಿದೆ. 'ಕುಂದರ್ರಿ' ಅಂದರೆ ಕೂರಬೇಕು. 'ಏಳ್ರಿ' ಅಂದರೆ ಏಳಬೇಕು. ಕೂರಿಸಿದವರೇ ಏಳಿಸಬೇಕು, ನಡುವೆ ಬೇರೆಯವರು ಕರೆದರೆ ಮಿಸುಕಬಾರದು. ನಾನು ಕೂರಿಸಿದ ಹುಡುಗರನ್ನು ಅಸಿಸ್ಟೆಂಟ್ ಮಾಸ್ತರರು ಬಂದು ಎಬ್ಬಿಸುತ್ತಿದ್ದ ಹೊಟ್ಟೆಯುರಿಯಿಂದ ಹುಟ್ಟಿದ ನಿಯಮ ಅದು. ಶಾಲೆಯಲ್ಲಿ ಜಾರಿಯಾಗದ್ದು ಹಿತ್ತಲಲ್ಲಿ ಜಾರಿಯಾಯಿತು. ಅಂಚೆಯವನ ಬಾಯಿಂದ ತೆಲುಗಿನ 'ಕೂರ್ಚೋಂಡಿ'ಯನ್ನು ಅವನು ತಾನಾಗಿಯೇ ಕಲಿತ.

ಹಿತ್ತಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಹೆಂಡತಿ ಒಂದು ದಿನ, "ಮದ್ವೆಯಾಗಿ ಬಂದಾಗಿಂದ ನನಗೆ ಒಂದಿನಾನಾದ್ರೂ ಕೂತ್ಕೊಳ್ರಿ ಅಂದಿದೀರಾ?" ಎಂದು ಕೇಳಿದಳು. ಕಠಿಣ ಪ್ರಶ್ನೆ ಬಂದಾಗ ಹೆಡ್ ಮಾಸ್ತರರು ಮಾಡುವಂತೆ ಕನ್ನಡಕ ಒರೆಸಿಕೊಂಡೆ.

ನಿಯಮ ಮಾಡುವಾಗ ಒಂದು ವಿಷಯ ನನಗೆ ಹೊಳೆದಿರಲಿಲ್ಲ. ನಮ್ಮ ಊರಲ್ಲಿ ದಿನಕ್ಕೆ ಎಷ್ಟು ಜನ ಎಷ್ಟು ಜನರಿಗೆ 'ಕುಂದರ್ರಿ' ಎನ್ನುತ್ತಾರೆಂಬುದೇ ಆ ವಿಷಯ. ಮನೆಗೆ ಬಂದವರಿಗೆ ಹೆಂಡತಿ ಆ ಊರಿನ ಮಾತಿನಲ್ಲೇ "ಕುಂದರ್ರಿ" ಎಂದರೆ, ಅವರು ಚಾಪೆಯ ಮೇಲೆ, ದಫೇದಾರ ಚಾಪೆಯ ಪಕ್ಕದಲ್ಲಿ. "ಊಟಕ್ಕ ಏಳ್ರಿ" ಎಂದರೆ ಇಬ್ಬರೂ ಏಳುತ್ತಿದ್ದರು. ಅದಾದರೂ ಮನೆಯ ಮಾತು. ಒಮ್ಮೆ ಬಜಾರಿನ ಬಟ್ಟೆ ಅಂಗಡಿಯ ಸಾಹುಕಾರರು ಗಿರಾಕಿಯೊಬ್ಬರಿಗೆ "ಬರ್ರಿ ಬರ್ರಿ, ಕುಂದರ್ರಿ" ಎಂದದ್ದು ಇವನ ಕಿವಿಗೆ ಬಿತ್ತು. ಹೋದ, ಕೂತ. ಗಿರಾಕಿ ಎದ್ದು ಹೋದರೂ ಇವನು ಏಳಲಿಲ್ಲ. ಯಾರೋ ಬಂದು ಹೇಳಿದ ಮೇಲೆ ನಾನು ಓಡಿದೆ.

"ನೀವು ಏಳ್ರಿ ಅಂದ್ರೆ ಎದ್ದುಬಿಡುತ್ತಾನೆ," ಎಂದು ಸಾಹುಕಾರರಿಗೆ ಬಿನ್ನವಿಸಿಕೊಂಡೆ.

ಅವರ ಮುಖ ಕಪ್ಪಿಟ್ಟಿತು. "ಏನ್ ಮಾತಂತ ಆಡ್ತೀರಿ ಮಾಸ್ತರ್ರ. ಗಾದಿ ಮ್ಯಾಲ ಕುಂತು, ಅಂಗಡ್ಯಾಗ ಬಂದವ್ರಿಗೆ ಏಳ್ರಿ ಅನ್ಲೇನು? ನಮ್ಮಪ್ಪ ಅಂದಿಲ್ಲ, ನಮ್ಮಜ್ಜ ಅಂದಿಲ್ಲ."

ಕೊನೆಗೆ ಅವರು ಗಾದಿಯಿಂದಿಳಿದು ಬೀದಿಗೆ ಬಂದು, ಅಂಗಡಿಗೆ ಬೆನ್ನು ತಿರುಗಿಸಿ, ಗಾಳಿಗೆ ಹೇಳಿದಂತೆ "ಏಳ್ರಿ" ಎಂದರು. ಆ ಅಪಶಕುನದ ಪರಿಹಾರಕ್ಕೆ ನಾನೊಂದು ಬೇಡವಾದ ಟವೆಲು ಕೊಂಡು ಬಂದೆ. ಅಂದಿನಿಂದ ನಾನು ಪಾಠ ಹೇಳುವಾಗಲೂ ಒಂದು ಕಿವಿ ಬೀದಿಯ ಕಡೆಗೇ ಇರುತ್ತಿತ್ತು. ಈಗ ಯಾರು ಎಲ್ಲಿ ಯಾರಿಗೆ ಕೂರಲು ಹೇಳುತ್ತಿದ್ದಾರೋ, ಹೇಳಿದವರು ರೈಲು ಹತ್ತಿ ಬಳ್ಳಾರಿಗೆ ಹೊರಟುಹೋದರೆ ನನ್ನ ನಾಯಿಯ ಗತಿಯೇನೋ ಎಂದು.

ನಿಜವಾದ ವಿಪತ್ತು ಬಂದದ್ದು ಬೇರೆ ದಾರಿಯಿಂದ. ಕೆಲವು ವರ್ಷ ಬೇರೆ ಕಡೆ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಕುರಿಗಾರ ಸಣ್ಣೀರಪ್ಪ ಮತ್ತೆ ಗೌಡರ ಹೊಲಕ್ಕೆ ಬಂದ. ಬೇಲಿಯಾಚೆಯಿಂದ ದಫೇದಾರನನ್ನು ಕಂಡವನು ನೇರ ನಮ್ಮ ಹಿತ್ತಲಿಗೇ ಬಂದು ಅವನ ಎಡಗಿವಿ ಹಿಡಿದು ಮಡಿಸಿ, ಅಂಚಿನಲ್ಲಿ ಕತ್ತರಿಸಿದ್ದ ಗುರುತನ್ನು ತೋರಿಸಿದ.

"ಈ ಕಚ್ಚು ನೋಡ್ರಿ ಮಾಸ್ತರ್ರ. ನಮ್ಮ ಕುರಿ ಕಿವಿಗೂ ಇದ ಕಚ್ಚು, ನಾಯಿ ಕಿವಿಗೂ ಇದ ಕಚ್ಚು. ಅವತ್ತು ಕತ್ಲಾಗ ಮಂದೆ ಎಬ್ಬಿಸಿದ್ವಿ, ಮರಿ ತಪ್ಪಿತು. ಈಗ ನಮ್ಮ ಹಳೇ ನಾಯಿ ಸತ್ತೈತಿ. ಹಗರಿ ದಂಡಿಗೆ ತ್ವಾಳದ ಕಾಟ. ನಮ್ಮ ನಾಯಿ ನಮಗ ಕೊಡ್ರಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನ್ನ ದುರದೃಷ್ಟ. ಸುಳ್ಳಾಡುವವನ ಜೊತೆ ಧೈರ್ಯವಾಗಿ ಜಗಳವಾಡಬಹುದು. ನಾನು "ಸಾಕಿದ್ದು ನಾನಲ್ಲವೇ?" ಎಂದೆ, ಅವನು "ಹೌದ್ರಿ, ಹುಟ್ಟಿದ್ದು ನಮ್ಮ ಮಂದ್ಯಾಗ ಅಲ್ಲೇನ್ರಿ?" ಎಂದ. ವಿಷಯ ಬಸವನಗೌಡರ ಕಟ್ಟೆಗೆ ಹೋಯಿತು. ಕುರಿ ಕಾಯುವವರಲ್ಲಿ ಇಂಥ ವ್ಯಾಜ್ಯಕ್ಕೆ ಹಿಂದಿನಿಂದ ಬಂದ ಒಂದು ಪದ್ಧತಿಯಿದೆಯಂತೆ: ನಾಯಿಯನ್ನು ನಡುವೆ ಬಿಟ್ಟು ಇಬ್ಬರೂ ಎರಡು ಕಡೆಯಿಂದ ಕರೆಯಬೇಕು, ಅದು ಯಾರ ಮಾತಿಗೆ ಹೋಗುತ್ತದೋ ಅವರದು. ಮುಂದಿನ ಸಂತೆಯ ದಿನ ಹಾಗೇ ಆಗಲಿ ಎಂದು ಗೌಡರು ಹೇಳಿದರು. ಊರವರೆಲ್ಲ ನನ್ನ ಬೆನ್ನು ತಟ್ಟಿದರು. ನಿಮ್ಮ ನಾಯಿಯಷ್ಟು ಮಾತು ಕೇಳುವ ನಾಯಿ ಎಲ್ಲಿದೆ, ಗೆದ್ದ ಹಾಗೇ ಬಿಡಿ, ಎಂದರು.

ನನಗೆ ಅನ್ನ ಸೇರದಾದದ್ದು ಆ ಕ್ಷಣದಿಂದ. ದಫೇದಾರ ನನ್ನ ಮಾತು ಕೇಳುತ್ತಾನೆ, ಸರಿ. ಆದರೆ ಅವನು ಯಾರ ಮಾತು ತಾನೇ ಕೇಳುವುದಿಲ್ಲ? ಸಣ್ಣೀರಪ್ಪ ಮೊದಲು ಬಾಯಿ ತೆರೆದರೆ ಮೊದಲು ಅವನ ಕಡೆಗೇ ಹೋಗುತ್ತಾನೆ. ಆದ್ದರಿಂದ ಸಂತೆಯವರೆಗೆ ಹಿತ್ತಲಲ್ಲಿ ಹೊಸ ಪಾಠ ಶುರುವಾಯಿತು, ಅವಿಧೇಯತೆಯ ಪಾಠ. ಪಕ್ಕದ ಮನೆಯವರನ್ನು ನಿಲ್ಲಿಸಿ ಕರೆಸುವುದು, ಇವನು ಹೋದರೆ ನಾನು ಗದರುವುದು. "ಕರೆದವರ ಹತ್ತಿರ ಹೋಗಬಾರದು" ಎಂದು ತಿಳಿಸಿ ಹೇಳಿದೆ. ತಕ್ಷಣ ಕಲಿತುಬಿಟ್ಟ. ನಾನು ಕರೆದರೂ ಬರಲಿಲ್ಲ. ಆ ಪಾಠವನ್ನು ಮರೆಸಲು ಮತ್ತಷ್ಟು ಹೊತ್ತು ಹಿಡಿಯಿತು. ಮಾತು ಕೇಳಬೇಡ ಎಂಬ ಮಾತನ್ನು ಕೇಳಿದವನು ವಿಧೇಯನೋ ಅವಿಧೇಯನೋ ಎಂಬ ವೇದಾಂತದಲ್ಲಿ ನಾನು ಸಿಕ್ಕಿಕೊಂಡಿದ್ದಾಗ ಹೆಂಡತಿ, "ಅದ್ರ ತಲೆ ಯಾಕೆ ಕೆಡುಸ್ತೀರಾ, ನಿಮ್ದು ಕೆಟ್ಟಿರೋದು ಸಾಲ್ದಾ?" ಎಂದು ಒಳಗಿನಿಂದಲೇ ತೀರ್ಪು ಕೊಟ್ಟಳು. ಅವಳ ದನಿ ಅಂದು ಅಷ್ಟು ಗಟ್ಟಿಯಾಗಿರಲಿಲ್ಲ ಎಂದು ಈಗ ನೆನಪಾಗುತ್ತದೆ.

ಸಂತೆಯ ದಿನ ಗೌಡರ ಕಟ್ಟೆಯ ಮುಂದೆ ಅರ್ಧ ಸಂತೆಯೇ ಸೇರಿತ್ತು. ಪೂರ್ವಕ್ಕೆ ನಾನು, ಪಶ್ಚಿಮಕ್ಕೆ ಹೆಗಲ ಮೇಲೆ ಕಂಬಳಿ ಹೊತ್ತ ಸಣ್ಣೀರಪ್ಪ, ನಡುವೆ ದಫೇದಾರ. ನನಗೆ ಕರೆಯಬೇಕಾದ ಹೆಸರೇ ಮರೆತಂತಾಗಿತ್ತು. ದೂರದ ಬೇವಿನ ಮರದ ಕೆಳಗೆ ಹೆಂಗಸರ ಗುಂಪಿನಲ್ಲಿ ಹೆಂಡತಿ ನಿಂತಿದ್ದಳು. ಜನ ಒಬ್ಬರ ಹೆಗಲ ಮೇಲೊಬ್ಬರು ನುಗ್ಗುತ್ತಿದ್ದರು. ಗೌಡರು ಕಟ್ಟೆಯ ಮೇಲೆ ಎದ್ದು ನಿಂತು, ಕೈಯೆತ್ತಿ, ಗಂಭೀರವಾಗಿ ಹೇಳಿದರು:

"ಗದ್ಲ ಮಾಡಬ್ಯಾಡ್ರಿ. ಎಲ್ಲಾರು ಕುಂದರ್ರಿ."

ಎಲ್ಲರೂ ಕೂತರು. ದಫೇದಾರನೂ ಕೂತ.

ಗೌಡರು "ಹೂಂ, ಕರೀರಿ" ಎಂದರು. ಸಣ್ಣೀರಪ್ಪ ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕಿದ. ಕಟ್ಟೆಯ ಮೇಲಿನ ಕಾಗೆಗಳೆದ್ದವು, ಇವನು ಏಳಲಿಲ್ಲ. ನಾನು "ದಫೇದಾರ, ಬಾರಪ್ಪಾ" ಎಂದೆ. ನನ್ನ ಕಡೆ ತಿರುಗಿ ಬಾಲವನ್ನಷ್ಟೇ ಅಲ್ಲಾಡಿಸಿ, ಕಲಿತ ಪಾಠವನ್ನು ನಾನು ಮೆಚ್ಚುತ್ತಿದ್ದೇನೋ ಎಂದು ನೋಡಿದ. ಆಮೇಲೆ ಗೌಡರ ಮುಖವನ್ನೇ ನೆಟ್ಟಗೆ ನೋಡುತ್ತ ಕೂತ. ಇನ್ನೊಂದು ಸಿಳ್ಳೆ, ಇನ್ನೊಂದು ಬಾರಪ್ಪಾ. ಜನ ಮೊದಲು ಮುಸಿಮುಸಿ ನಕ್ಕರು, ಆಮೇಲೆ ಬಾಯಿಬಿಟ್ಟೇ ನಕ್ಕರು.

"ಗೌಡ್ರ, ಪದ್ಧತಿ ಪ್ರಕಾರ ನಾಯಿ ನಿಮ್ಮದಾತು," ಎಂದು ಗುಂಪಿನಿಂದ ಯಾರೋ ಕೂಗಿದರು.

ಬಸವನಗೌಡರು ಊರಿಗೆಲ್ಲ ಹುಲಿಯಾದರೂ ನಾಯಿಯನ್ನು ಕಂಡರೆ ಪಂಚೆ ಎತ್ತಿಕೊಂಡು ಓಡುವವರೆಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅವರು ಒಂದು ಹೆಜ್ಜೆ ಹಿಂದೆ ಸರಿದರು. "ನನಗ್ಯಾಕಪ್ಪ ಇದು. ಏನರ ಮಾಡಿ ಎಬ್ಬಿಸ್ರಿ ಮಾಸ್ತರ್ರ," ಎಂದರು.

"ಎಬ್ಬಿಸೋದು ನನ್ನ ಕೈಲಿಲ್ಲ ಗೌಡರೆ. ಕೂರಿಸಿದವರು ನೀವು," ಎಂದೆ. ಹೇಳುವಾಗ ನನಗೆ ಅಳು ಬರುವಂತಿತ್ತು. ಅವರು ಎಬ್ಬಿಸಿದ ಮೇಲೆ ಅವನು ಯಾವ ಕಡೆಗೆ ಹೋದಾನು?

"ಏಳ್ರಿ, ಎಲ್ಲಾರು ಏಳ್ರಿ. ಸಾಕು," ಎಂದರು ಗೌಡರು. ಜನ ಎದ್ದರು. ದಫೇದಾರನೂ ಎದ್ದು ಮೈ ಕೊಡವಿಕೊಂಡ. ಸಣ್ಣೀರಪ್ಪನೂ ನಾನೂ ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಹೊರಟೇಬಿಟ್ಟ. ನನ್ನ ಕಡೆಗೂ ಬರಲಿಲ್ಲ, ಸಣ್ಣೀರಪ್ಪನ ಕಡೆಗೂ ಹೋಗಲಿಲ್ಲ. ಕುಂಟುತ್ತ, ಅದೇ ಗತ್ತಿನಲ್ಲಿ, ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಬೇವಿನ ಮರದ ಕೆಳಗೆ ಹೋಗಿ ನನ್ನ ಹೆಂಡತಿಯ ಸೀರೆಯ ಅಂಚಿಗೆ ಮೂಗು ಒತ್ತಿ ನಿಂತ. ಅವಳು ಕರೆದಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅವನಿಗೆಂದು ಒಂದು ಮಾತನ್ನೂ ಆಡಿರಲಿಲ್ಲ.

ಸಣ್ಣೀರಪ್ಪ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಅಮ್ಮಾರದೈತ್ರಿ ನಾಯಿ. ಅಲ್ರಿ ಮಾಸ್ತರ್ರ, ಇಷ್ಟು ಶ್ಯಾಣ್ಯಾ ಮಾಡಿದ್ರ ನಮಗಾರ ಏನ್ ಉಪಯೋಗ? ತ್ವಾಳ ಬಂದು ಕುಂದರ್ರಿ ಅಂದ್ರ ಇದು ಕುಂದರ್ತೈತಿ." ನಗುತ್ತಲೇ ಹೇಳಿದ, ಆದರೆ ಹೋಗುವ ಮುಂಚೆ ಬಗ್ಗಿ ಆ ಕಚ್ಚಿನ ಕಿವಿಯನ್ನೊಮ್ಮೆ ಸವರಿದ.

ಹೆಂಡತಿ ಸೆರಗು ಸರಿಮಾಡಿಕೊಂಡು, ನಾಯಿಗೋ ನನಗೋ ಎಂದು ತಿಳಿಯದ ಹಾಗೆ, "ಮನೆ ಕಡೆ ನಡೀರಿ ಇನ್ನ," ಎಂದಳು. ಇಬ್ಬರೂ ಹಿಂದೆ ಹೊರಟೆವು. ದಾರಿಯುದ್ದಕ್ಕೂ ಅವಳು ತಿರುಗಿ ನೋಡಲಿಲ್ಲ. ಎರಡು ಸಲ ಮೂಗು ಒರೆಸಿಕೊಂಡದ್ದನ್ನು ನಾನು ಹಿಂದಿನಿಂದ ಕಂಡೆ.

ದಫೇದಾರ ವಯಸ್ಸಾಗಿ, ಹಿತ್ತಲ ಕಲ್ಲಿನ ಪಕ್ಕದಲ್ಲಿ, ಯಾರೂ ಹೇಳದೆ ತಾನಾಗಿಯೇ ಕೊನೆಯ ಸಲ ಮಲಗಿದ. ಅವನ ಜೀವಮಾನದಲ್ಲಿ ಅಪ್ಪಣೆಯಿಲ್ಲದೆ ಮಾಡಿದ ಕೆಲಸಗಳಲ್ಲಿ ಅದು ಎರಡನೆಯದು. ನಾನು ಪೆನ್ಶನ್ ಪಡೆದು ಮಡಕಶಿರಾಕ್ಕೆ ಬಂದು ನೆಲೆಸಿದ್ದೇನೆ. ಬಂದವರಿಗೆ ಕೂರಲು ಹೇಳಿದಾಗ ಈಗಲೂ ಚಾಪೆಯ ಪಕ್ಕದ ಜಾಗಕ್ಕೆ ಕಣ್ಣು ಹೋಗುತ್ತದೆ. ಈ ಹೊತ್ತು ಬೆಳಿಗ್ಗೆ ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತ, ಹಾಲು ಉಕ್ಕೀತೇ, ಬೀಗ ಬಿದ್ದಿದೆಯೇ ಎಂದು ಕೇಳುತ್ತಿದ್ದ ನನಗೆ ಹೆಂಡತಿ "ಒಂದ್ಕಡೆ ಕೂತ್ಕೊಂಡು ಏನಾದ್ರೂ ಬರ್ಕೊಳ್ರಿ" ಎಂದಳು. ಕೂತೆ, ಇಷ್ಟು ಬರೆದೆ. ಬರೆದು ಮುಗಿದು ಬಹಳ ಹೊತ್ತಾಯಿತು. ಕಾಲು ಜೋಮು ಹಿಡಿದಿದೆ, ಒಳಗಿನಿಂದ ಸಾರಿನ ವಾಸನೆಯೂ ಬರುತ್ತಿದೆ. ಅವಳಿನ್ನೂ ಊಟಕ್ಕೆ ಏಳ್ರಿ ಅಂದಿಲ್ಲ.