ಲಕ್ಕಿ ಗಿಡದ ಅದೃಷ್ಟ

ಮೃಣಾಲಿ, ಓಂಕಾರ, ಅಜ್ಜಿಗೆ ಬಾಯಿಯೇ ಇಲ್ಲವೆಂದು ನೀವು ನಗುತ್ತೀರಿ. ಇದೆ, ಬೇಕಾದಾಗ ತೆರೆಯುವುದಿಲ್ಲ, ಅಷ್ಟೇ. ಅದರಿಂದಾಗಿ ನಮ್ಮ ಬಾಲ್ಕನಿಯ ಲಕ್ಕಿ ಗಿಡ ಬೋಳಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲಕ್ಕಿ ನಮ್ಮೂರ ಹಳ್ಳದ ದಂಡೆಯ ಪೊದೆ. ಕೈಬೆರಳಿನಂತೆ ಐದೈದು ಎಲೆ, ತುದಿಗೆ ನೀಲಿ ಹೂಗೊಂಚಲು, ತಿಕ್ಕಿದರೆ ಘಾಟು. ಎಲೆ ಕುದಿಸಿದ ಬಿಸಿನೀರು ಹೊಯ್ದುಕೊಂಡರೆ ನನ್ನ ಮೊಣಕಾಲು ಹೇಳಿದಂತೆ ಕೇಳುತ್ತದೆ. ಅದಕ್ಕೇ ಊರಿನಿಂದ ಒಂದು ಟೊಂಗೆ ತಂದು ಖಾಲಿ ಪೇಂಟ್ ಡಬ್ಬಿಯಲ್ಲಿ ನೆಟ್ಟಿದ್ದೆ. ಇದೂ ಪುದೀನವೂ ಒಂದೇ ಕುಟುಂಬದವೆಂದು ಮೃಣಾಲಿ ಹೇಳಿದಂದಿನಿಂದ, ಚಟ್ನಿ ಅರೆಯುವಾಗಲೆಲ್ಲ ನನಗೊಂದು ಕುತೂಹಲ: ಒಂದು ಅಡುಗೆಮನೆ ಸೇರಿತು, ಇನ್ನೊಂದು ಹಳ್ಳದಲ್ಲೇ ಉಳಿಯಿತು, ಹೀಗೆ ಪಾಲು ಮಾಡಿದ ಹಿರಿಯರು ಯಾರು?

ಎದುರುಮನೆಯ ಮರಾಠಿ ಹುಡುಗಿ ವೈಶಾಲಿ ಒಮ್ಮೆ ಗಿಡದ ಹೆಸರು ಕೇಳಿದಳು. "ಲಕ್ಕಿ" ಎಂದೆ. ಅವಳ ಕಣ್ಣರಳಿತು. "ಲಕ್ಕಿ? ಆಜಿ, ಮಲಾ ಪಣ ದ್ಯಾ ನಾ!" ನನಗೂ ಕೊಡಿ ಎನ್ನುತ್ತಲೇ ಟೊಂಗೆ ಮುರಿದುಕೊಂಡು ಹೋದಳು. ಆ ವಾರವೇ ಅವಳ ಗಂಡನಿಗೆ ಬಡ್ತಿ ಬರಬೇಕೇ! ಇಡೀ ಕಟ್ಟಡ ನಮ್ಮ ಬಾಗಿಲಿಗೆ ಬಂತು.

"ಅತ್ತೀ, ಇದು ಆ ಲಕ್ಕಿ ಅಲ್ಲ ಅಂತ ಹೇಳಬಾರದೇನ್ರಿ?" ಎಂದಳು ನಿಮ್ಮಮ್ಮ.

"ನಕ್ಕೋತ ಬರ್ತಾರವ್ವಾ, ಹೆಂಗ ಹೇಳ್ಲಿ?"

"ಹಂಗಾರ ನಿಮ್ಮ ಮೊಣಕಾಲಿಗೂ ನಕ್ಕೋತ ಇರು ಅಂತ ಹೇಳ್ರಿ!"

ಚಳಿ ಬಂತು. ಡಬ್ಬಿಯಲ್ಲಿ ಬರೀ ಕಡ್ಡಿ, ನನ್ನ ಮೊಣಕಾಲು ಬಾತು ತೆಂಗಿನಕಾಯಿ. ಕೊನೆಗೆ ನಿಮ್ಮಪ್ಪ ಈ ನಗರದಾಚೆಯ ಕನ್ಹಾನ್ ನದಿಯ ಕಡೆ ಕರೆದೊಯ್ದ. ದಂಡೆಯುದ್ದಕ್ಕೂ ಲಕ್ಕಿ! ಮರಳಿನಲ್ಲಿ, ಕಲ್ಲುಸಂದಿಯಲ್ಲಿ, ಆಳೆತ್ತರ. ಆಡುಗಳೂ ಮೂತಿ ತಿರುಗಿಸಿಕೊಂಡು ಹೋಗುತ್ತಿದ್ದವು. ನಾನು ಗೊಬ್ಬರ ಹಾಕಿ ಸಾಕಿದ್ದು ಸೊರಗಿತ್ತು. ಯಾರೂ ಕೇಳದ ಇದು ಸೊಕ್ಕಿ ಬೆಳೆದಿತ್ತು.

ಚೀಲ ತುಂಬಿಕೊಂಡು ಬಂದಾಗ ಲಿಫ್ಟಿನ ಮುಂದೆ ವೈಶಾಲಿ. "ಇತಕೀ ಲಕ್ಕಿ!" ಇಷ್ಟೊಂದಾ ಎಂದು ಕೈಚಾಚಿದಳು. ಕಾಲು ಎಷ್ಟು ನೋಯುತ್ತಿತ್ತೆಂದರೆ ಬಾಯಿ ತಾನಾಗಿ ತೆರೆಯಿತು: "ಲಕ್ಕಿ ನಾಹೀ ಬಾಯೀ! ಮೊಣಕಾಲಿನ ದವಾ!" ಅವಳು ಮೊದಲ ಸಲ ಎಲೆ ಮೂಸಿದಳು. "ಅಗ ಬಾಯೀ, ಹೀ ತರ್ ನಿರ್ಗುಡಿ!" ನಮ್ಮ ಲಕ್ಕಿಗೆ ಅವರ ಮಾತಿನಲ್ಲಿ ನಿರ್ಗುಡಿ ಎಂದು ಹೆಸರು, ಅವಳ ಊರಲ್ಲಿ ಅದು ಬೇಲಿಯ ಗಿಡವಂತೆ. ಅಂದಿನಿಂದ ಯಾರೂ ಬರಲಿಲ್ಲ. ಗಿಡ ಚಿಗುರಿದೆ.

ಓಂಕಾರ, ಪರೀಕ್ಷೆಯ ದಿನ ನಿನ್ನ ಕಿಸೆಯಲ್ಲಿ ಎಲೆ ಇಟ್ಟವರು ಯಾರೆಂದು ಕೇಳಬೇಡ. ವೈಶಾಲಿಯ ಗಂಡನಿಗೆ ಬಡ್ತಿ ಬಂದದ್ದಂತೂ ನಿಜ. ಈ ಹಾಳೆಗಳ ನಡುವೆಯೂ ನಾಲ್ಕು ಎಲೆ ಇಟ್ಟಿದ್ದೇನೆ, ಹುಳ ಹಿಡಿಯುವುದಿಲ್ಲ. ನೀವಿಬ್ಬರೂ ತಡವರಿಸದೆ ಕನ್ನಡ ಓದುವ ತನಕ ಜೋಪಾನವಾಗಿಡಿ. ಅದಕ್ಕೆ ಬೇಕಾಗುವ ಅದೃಷ್ಟಕ್ಕೂ ಆ ಎಲೆಗಳೇ ಇರಲಿ.