ಬೈದರೆ ಚಿಗುರುವ ಗಿಡ

ಹಿತ್ತಿಲು ಇದ್ದವರ ಮನೆಯಲ್ಲಿ ಕಳ್ಳತನ ಆಗುತ್ತಲೇ ಇರುತ್ತದೆ. ಕಾನಸೂರು ಹತ್ತಿರದ ನಮ್ಮ ಹಿತ್ತಿಲಿಗೆ ಮಾತ್ರ ಕಳ್ಳಿ ಹೇಳಿಯೇ ಬರುತ್ತಿದ್ದಳು. ಆಚೆಮನೆ ಅಕ್ಕ.

ಒಳಗೆ ಹೋಗೇ!

ಕದ್ದು ನೆಟ್ಟ ಗಿಡ ಚೆನ್ನಾಗಿ ಬರುತ್ತದೆ ಎಂದು ನಮ್ಮ ಕಡೆ ಹೆಂಗಸರೆಲ್ಲ ನಂಬುತ್ತಾರೆ. ಅಕ್ಕ ಅದಕ್ಕೆ ತನ್ನದೂ ಒಂದು ಸೇರಿಸಿದ್ದಳು: ಗಿಡದ ಯಜಮಾನಿ ಬೈಯಲೂ ಬೇಕು.

ಬೇಲಿಯಾಚೆಯಿಂದ ಕೂಗುತ್ತಿದ್ದಳು, "ತಂಗೀ, ನಿನ್ನ ದಾಸವಾಳ ಕದಿಯಲೆ ಬಂದಿ. ಒಳಗೆ ಹೋಗೇ!"

ನಾನು ಒಳಗೆ ಹೋಗಿ ಚಾಕ್ಕೆ ಇಡುತ್ತಿದ್ದೆ. ಅವಳು ಟೊಂಗೆ ಮುರಿದು, ಸೆರಗಲ್ಲಿ ಮುಚ್ಚಿಕೊಂಡು ಬಂದು ಚಾ ಕುಡಿಯುತ್ತಿದ್ದಳು. ಆಮೇಲೆ ನಾನು "ಕಳ್ಳಿ" ಅನ್ನಬೇಕು. ಒಮ್ಮೆ ನಗು ತಡೆಯಲಾಗದೆ ಮೆತ್ತಗೆ ಅಂದೆ. ಅಕ್ಕ ಏಳಲೇ ಇಲ್ಲ.

"ಇಷ್ಟು ಮೆತ್ತಗೆ ಬೈದ್ರೆ ಗಿಡ ಹತ್ತತ್ತಿಲ್ಲೆ. ಇನ್ನೊಂದು ಚಾ ಕೊಡು, ಕುಡಿದು ಮುಗಿಯದ್ರೊಳಗೆ ಸರಿಯಾಗಿ ಬೈ."

ರಾಜಿ

ಹಸುವಿಗೆ ಜ್ವರ ಬಂದಾಗ ಹೊಸ ದನದ ಡಾಕ್ಟ್ರು ಬಂದರು, ಧಾರವಾಡ ಕಡೆಯವರು. ಅವರು ಕೊಟ್ಟಿಗೆಯಲ್ಲಿ ಸೂಜಿ ಹಾಕುವಾಗ ಅಂಗಳದಲ್ಲಿ ನನ್ನ ಬೈಗುಳ ನಡೆದಿತ್ತು. "ನಿನ್ನ ಕೈ ಮುರಿದುಹೋಗ! ಹಾಳಾದವಳೇ!" ಅಕ್ಕ ಖುಷಿಯಿಂದ ತಲೆ ಆಡಿಸುತ್ತಿದ್ದಳು.

ಡಾಕ್ಟ್ರು ಓಡಿ ಬಂದರು. "ಒಂದ್ ಗಿಡಕ್ಕ ಯಾಕ್ರೀ ಜಗಳಾ? ಬಾಜೂ ಮನಿಯವ್ರು ಹೊಂದ್ಕೊಂಡು ಹೋಗ್ರಿ" ಎಂದು ಅಕ್ಕನ ಕೈಯಿಂದ ಟೊಂಗೆ ಕಿತ್ತು ನನಗೆ ಕೊಟ್ಟರು.

"ಅಯ್ಯೋ ಡಾಕ್ಟ್ರೇ, ಈಗ ಮತ್ತೆ ಕದೀಬೇಕಾಯ್ತಲ್ಲ! ತಂಗೀ, ಒಳಗೆ ಹೋಗೇ!"

ನಾನು ಒಳಗೆ ಹೋದೆ. ಡಾಕ್ಟ್ರು ಹಸುವಿನ ಹತ್ತಿರ ವಾಪಸು ಹೋಗಿ ಬೆನ್ನು ತಟ್ಟಿದರಂತೆ. "ಈ ಊರಾಗ ನೀ ಒಬ್ಬಾಕಿನ ಶಾಣ್ಯಾಕಿ ನೋಡವಾ."

ಕರು

ಅಕ್ಕನ ಕರು ಬೇಲಿ ಹಾರಿ ನಮ್ಮ ಹರಿವೆ ಮಡಿಯನ್ನೆಲ್ಲ ಮೇಯ್ದಿತ್ತು. ನಿಜವಾದ ಸಿಟ್ಟಿನಿಂದಲೇ ಹೋದೆ.

"ಎಂಗಳ ಮನೆ ಕರು ಅಲ್ದನೇ, ಯನ್ನ ನೋಡಿ ಕಲ್ತಿದ್ದು" ಅಂದಳು. "ಬೈಯಡ ಮಾರಾಯ್ತಿ, ಬೈದ್ರೆ ಮತ್ತೂ ಬೆಳೀತು!"

ಕೇಳಿ ಒಯ್ಯುವವರು

ಅವರ ಮನೆ ಪಾಲಾಯಿತು. ಅಕ್ಕನ ಪಾಲಿಗೆ ಶಿರಸಿ ಪೇಟೆಯ ಮನೆ ಬಂತು. ಹೋಗುವಾಗ ಕರುವನ್ನು ನಮ್ಮ ಕೊಟ್ಟಿಗೆಗೆ ಕಟ್ಟಿದಳು.

ಈಗ ಆಚೆಮನೆಯಲ್ಲಿ ಅವಳ ಮೈದುನನ ಸಂಸಾರ ಇದೆ. ಒಳ್ಳೆಯವರು, ಕೇಳಿಯೇ ಗಿಡ ಒಯ್ಯುತ್ತಾರೆ, ಥ್ಯಾಂಕ್ಸ್ ಕೂಡ ಹೇಳುತ್ತಾರೆ. ಒಂದೂ ಹತ್ತಲಿಲ್ಲ. ದಾಸವಾಳ ಆಳೆತ್ತರ ಬೆಳೆದಿದೆ, ಮುರಿಯುವವರಿಲ್ಲ. ಬೇಲಿ ಹತ್ತಿರ ಹೋದಾಗೆಲ್ಲ ಅಕ್ಕನ ನೆನಪಾಗಿ ಬೇಜಾರಾಗುತ್ತದೆ. ಚಾ ಎರಡು ಲೋಟ ಮಾಡಿ ಎರಡನ್ನೂ ನಾನೇ ಕುಡಿಯುತ್ತೇನೆ. ಪಿತ್ತ ಹೆಚ್ಚಾಗಿದೆ.

ಬಸ್ಸಿನಲ್ಲಿ

ತಡೆಯಲಾರದೆ ಮೊನ್ನೆ ಶಿರಸಿಗೆ ಹೋದೆ. ಅಕ್ಕ ತಾರಸಿಯ ಮೇಲೆ ಹಳೇ ಬಕೆಟ್ಟುಗಳಲ್ಲಿ ಗಿಡ ಬೆಳೆಸಿದ್ದಳು. ಊಟ ಹಾಕಿದಳು, ಉಪಚಾರ ಮಾಡಿದಳು. ಹೊರಡುವಾಗ ಗಿಡದ ಟೊಂಗೆಗಳನ್ನು ಪೇಪರಿನಲ್ಲಿ ಸುತ್ತಿ ಕವರಿಗೆ ಹಾಕಿ ಕೈಗೆ ಕೊಟ್ಟಳು. ನೆಂಟರಿಗೆ ಕೊಟ್ಟ ಹಾಗೆ. ನನಗೆ ಅಳುವೇ ಬಂತು. ಇಷ್ಟು ವರ್ಷ ಕದ್ದು ಬೈಸಿಕೊಂಡವಳಿಗೆ ನಾನು ನೆಂಟಳಾಗಿಬಿಟ್ಟೆನೇ?

ಅವಳು ಕುಂಕುಮದ ಬಟ್ಟಲು ತರಲು ಒಳಗೆ ಹೋದಳು. ನಾನು ಕವರನ್ನು ಜಗುಲಿಯಲ್ಲೇ ಬಿಟ್ಟು, ಬಾಗಿಲ ಬದಿಯ ಬಿಳಿ ದಾಸವಾಳದ ಟೊಂಗೆ ಲಟಕ್ಕನೆ ಮುರಿದು ಚೀಲಕ್ಕೆ ತುರುಕಿದೆ. ಕುಂಕುಮ ಹಚ್ಚಿಸಿಕೊಂಡು, ಏನೂ ಅರಿಯದವಳಂತೆ ಹೊರಟೆ.

ಬಸ್ಸಿನಲ್ಲಿ ಕೂತು ಫೋನನ್ನೇ ನೋಡುತ್ತಿದ್ದೆ. ಅಕ್ಕ ನೋಡಿರಬಹುದೇ? ನೋಡಿಯೂ ಸುಮ್ಮನಿದ್ದರೆ? ಪೇಟೆ ದಾಟಿತು, ಫೋನು ಬರಲಿಲ್ಲ. ಇನ್ನು ನಾವು ನೆಂಟರೇ ಅಂದುಕೊಂಡೆ. ಅಷ್ಟರಲ್ಲಿ ರಿಂಗಾಯಿತು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ.

"ಏ ಕಳ್ಳೀ! ಉಂಡ ಮನೆಗೇ ಕನ್ನ ಹಾಕಿದ್ಯಲೇ! ನಾಚಿಕೆ ಇಲ್ಲೆ ನಿಂಗೆ? ನಿನ್ನ ಕೈ ಮುರಿದುಹೋಗ!"

ಇಡೀ ಬಸ್ಸು ತಿರುಗಿ ನೋಡಿತು. ನನಗೆ ಕಣ್ಣೀರು ಸುರಿಯುತ್ತಿತ್ತು, ನಗುವೂ ನಿಲ್ಲುತ್ತಿರಲಿಲ್ಲ. "ಅಕ್ಕಾ, ಇನ್ನೂ ಬೈಯೇ" ಅಂದೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಕತ್ತಿನ ಸರವನ್ನು ಸೆರಗಿನೊಳಗೆ ಸೇರಿಸಿಕೊಂಡು, ಎದ್ದುಹೋಗಿ ಕಂಡಕ್ಟರ್ ಹತ್ತಿರ ನಿಂತಳು.